ದಾರ ಸಿಕ್ಕಿಕೊಂಡ ಜಾಗ

ಮಾಚೇನಹಳ್ಳಿ, ಎರಡನೇ ಶೆಡ್ಡು. ಭಾನುವಾರ.
ಕುಲುಮೆ ಆರಿದೆ. ಆರಿದ್ದರೂ ಗೋಡೆ ಬೆಚ್ಚಗಿದೆ
ಮಲಗಿದ ಎಮ್ಮೆಯ ಹೊಟ್ಟೆಯ ಹಾಗೆ.
ಈ ಸಾಲಿನ ಐಸೊಲೇಟರುಗಳಿಗೆಲ್ಲ ಬೀಗ ಜಡಿದು
ಕೆಂಪು ಚೀಟಿ ಕಟ್ಟಿ, ಕೀಲಿ ನನ್ನ ಜೇಬಿಗೇ ಹಾಕಿಕೊಂಡೆ.
ಟೆಸ್ಟರು ಮುಟ್ಟಿಸಿದೆ: ಇಲ್ಲ.
ಮತ್ತೊಮ್ಮೆ: ಇಲ್ಲ.
ಎರಡು ಸಲ ಇಲ್ಲ ಅನ್ನಿಸಿಕೊಳ್ಳದೆ
ಏಣಿ ಮುಟ್ಟಬಾರದು ಅಂತ ಕಲಿಸಿದವರು
ಗೌಸ್ ಪೀರ್ ಮೇಸ್ತ್ರಿ, ಟಿಪ್ಪು ನಗರ, ಮೂರನೇ ಕ್ರಾಸು.

ಹದಿನೆಂಟು ಅಡಿ ಮೇಲೆ
ಹನ್ನೊಂದು ವರ್ಷದ ಹಿಂದೆ ಅವರೂ ನಾನೂ ತೂಗುಹಾಕಿದ ಟ್ರೇ.
ಏಣಿಯೊಂದನ್ನು ಅಡ್ಡ ಮಲಗಿಸಿದಂತೆ ಕಾಣುತ್ತದೆ,
ಆದರೆ ಯಾರೂ ಹತ್ತುವಂತಿಲ್ಲ.
"ಇದು ಕೇಬಲ್ಲು ನಡೆಯೋ ದಾರಿ ಕಣಮ್ಮ, ನೀನು ನಡೆಯೋದಲ್ಲ"
ಎನ್ನುತ್ತ ನನ್ನ ಬೆಲ್ಟಿನ ಕೊಂಡಿಯನ್ನು ತೊಲೆಗೆ ಸಿಕ್ಕಿಸಿದ್ದರು.

ನನಗಾಗ ಹತ್ತೊಂಬತ್ತು. ಐಟಿಐ ಮುಗಿದು ಮೂರು ತಿಂಗಳು.
ಕೈಯಲ್ಲಿ ಸ್ಪ್ಯಾನರು, ಬಾಯಲ್ಲಿ ನಟ್ಟು.
"ಬಾಯಿಂದ ತೆಗಿ. ನುಂಗಿದ್ರೆ ಸ್ಟೋರಿನ ಲೆಕ್ಕ ತಪ್ಪುತ್ತೆ."

ಒಂದೂವರೆ ಮೀಟರಿಗೊಂದು ಆಸರೆ.
ನಕ್ಷೆಯಲ್ಲಿ ಇತ್ತು, ನಾನು ಓದಿರಲಿಲ್ಲ.
ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಎಲ್ಲ ಬಾಯಿಪಾಠ.
ಬೋಲ್ಟಿನ ತಲೆ ಒಳಗೆ, ನಟ್ಟು ಹೊರಗೆ:
ನಾಲ್ಕನ್ನು ನಾನು ತಿರುಗಾಮುರುಗಾ ಹಾಕಿದ್ದೆ.
ಬೈಯಲಿಲ್ಲ. ಕೈಗವಸು ಬಿಚ್ಚಿಸಿ
ಚೂಪಿನ ಮೇಲೆ ಬೆರಳು ಒತ್ತು ಅಂದರು.
"ನೀನಾದ್ರೆ ಅಮ್ಮಾ ಅಂತೀಯ.
ಕೇಬಲ್ಲು ಏನಂತ ಕೂಗ್ಬೇಕು?"

ಎರಡು ತುಂಡು ಸೇರುವಲ್ಲೆಲ್ಲ ತಾಮ್ರದ ಪಟ್ಟಿ.
ತಗಡು ತಗಡಿಗೆ ತಾಗಿದೆಯಲ್ಲ, ಸಾಲದಾ ಎಂದೆ.
"ಪಕ್ಕದ ಮನೆ ಬೇರೆ, ನೆಂಟಸ್ತನ ಬೇರೆ."
ಬಣ್ಣ ಕೆರೆದು, ಹಲ್ಲಿನ ವಾಷರು ಕೂರಿಸಿ,
ಮೀಟರಿನ ಮುಳ್ಳು ಸೊನ್ನೆಗೆ ಒರಗುವ ತನಕ
ಇಬ್ಬರೂ ಉಸಿರಾಡಲಿಲ್ಲ.

ಸಂಜೆ ಪರೀಕ್ಷೆ.
ಗುಜರಿಯಲ್ಲಿ ತೂಕಕ್ಕೆ ಕೊಂಡ ಯಾರದೋ ತೆಳು ಪಂಚೆಯನ್ನು
ಕೊಯ್ದ ಅಂಚುಗಳ ಮೇಲೆ ಎಳೆಯುತ್ತ ಹೋಗುವರು.
ಒಂದು ದಾರ ಸಿಕ್ಕಿಕೊಂಡರೆ ಸಾಕು,
ಪಂಚೆ ಅಲ್ಲೇ ಬಿಟ್ಟು ಟೀ ಕುಡಿಯಲು ಇಳಿದುಬಿಡುವರು.
ವಾಪಸು ಬರುವಷ್ಟರಲ್ಲಿ ನಾನು ಅರ ಉಜ್ಜಿ
ಸತುವಿನ ಬಣ್ಣ ಬಳಿದಿರಬೇಕು.
ಏಳು ಟೀ ಕುಡಿದ ದಿನವೂ ಇದೆ.

ಆ ಏಳನೆಯದರ ಮಾತು.
ನಿದಿಗೆಗೆ ಕೊನೆಯ ಬಸ್ಸಿನ ಹೊತ್ತು.
ಬೆಳಿಗ್ಗೆ ಇನ್‌ಸ್ಪೆಕ್ಟರು ಬರುವವರು.
ತಿರುವಿನ ಹತ್ತಿರ ಪಂಚೆ ಮತ್ತೆ ಹಿಡಿದುಕೊಂಡಿತ್ತು.
ಅರ ಕೆಳಗೆ ಬಿದ್ದಿತ್ತು. ಇಳಿದು ಹತ್ತಲು ಮನಸ್ಸಾಗಲಿಲ್ಲ.
ಸರಕ್ಕನೆ ಎಳೆದು ಬಿಡಿಸಿ
"ಆಯ್ತು ಮೇಸ್ತ್ರಿ" ಎಂದೆ.
ಅವರು ನಂಬಿದರು.
ಇನ್‌ಸ್ಪೆಕ್ಟರೂ ನಂಬಿ ಸಹಿ ಹಾಕಿದರು.

ಈಗ ಹೊಸ ಕುಲುಮೆ ಬಂದಿದೆ, ಇನ್ನೂ ಮೂರು ಕೇಬಲ್ಲು.
ಕೆಳಗೆ ಮ್ಯಾನೇಜರು ಪರಮೇಶ್ವರಪ್ಪ ಕತ್ತು ಮೇಲೆತ್ತಿ
"ಎರಡು ಬೆರಳು ಜಾಗ ಇದೆಯಲ್ಲಮ್ಮ, ಒತ್ತಿ ಕಟ್ಟು."
ಅದು ಜಾಗವಲ್ಲ ಸಾರ್, ಅವು ಉಸಿರಾಡುವ ಸಂದು.
ಆಚೆ ಬದಿ ಕಂಟ್ರೋಲಿನ ತಂತಿಗಳು,
ನಡುವೆ ತಗಡು ಹಾಕಿರೋದು ಜಗಳ ಬಿಡಿಸೋಕೆ.
ಹೊಸ ಟ್ರೇ ಬೇಕು. ಬರೆದುಕೊಡ್ತೀನಿ.

ಹೇಳುತ್ತ ಹೇಳುತ್ತ ತಿರುವಿನ ಹತ್ತಿರ ಬಂದಿದ್ದೆ.
ಅಲ್ಲೇ ಇದೆ.
ಫೌಂಡ್ರಿಯ ಮಸಿ ಕುಡಿದು ಕಪ್ಪಾದ ಒಂದು ಎಳೆ ದಾರ,
ಹುಲ್ಲುಕಡ್ಡಿಯಷ್ಟು ಉದ್ದ, ಗಾಳಿಗೆ ಅಲ್ಲಾಡುತ್ತಿದೆ.
ಪಕ್ಕದ ಕೇಬಲ್ಲಿನ ಮೈಮೇಲೆ ಬಿಳಿ ಗೀರು.
ಹನ್ನೊಂದು ವರ್ಷ, ಮೋಟಾರು ಅದುರಿದಾಗಲೆಲ್ಲ
ಒಂದೊಂದು ಕೂದಲೆಳೆ.
ಉಗುರಿಟ್ಟು ನೋಡಿದೆ. ಉಕ್ಕಿನ ಕವಚ ಮುಟ್ಟಿಲ್ಲ.
ಮೆಗ್ಗರು ಹಾಕಬೇಕು, ಪುಸ್ತಕದಲ್ಲಿ ಬರೆದುಕೊಂಡೆ:
ತಾರೀಕು, ತಿರುವು, ತಪ್ಪು ಯಾರದೆಂಬ ಕಡೆ ನನ್ನ ಹೆಸರು.

ಕೇಬಲ್ಲನ್ನು ಸರಿಸಿ ಕಟ್ಟಿ, ಅರ ತೆಗೆದೆ.
ಇವತ್ತು ಅದು ಸೊಂಟದಲ್ಲೇ ಇತ್ತು.
ಉಜ್ಜಿದೆ. ದುಪಟ್ಟಾ ಮನೆಯಲ್ಲಿ, ಕರ್ಚೀಫು ಎಳೆದು ನೋಡಿದೆ.
ಹಿಡಿಯಿತು. ಮತ್ತೆ ಉಜ್ಜಿದೆ.

"ಆಯ್ತೇನಮ್ಮಾ?" ಕೆಳಗಿನಿಂದ.

ಇಲ್ಲ ಸಾರ್.
ಇನ್ನೊಂದು ಟೀ ಕುಡಿದು ಬನ್ನಿ.