ಗದ್ದ ಸ್ವಲ್ಪ ಕೆಳಗೆ

ಊರಿಗೆಲ್ಲ ಪಾಸ್‌ಪೋರ್ಟ್ ಸೈಜು ತೆಗೆದುಕೊಟ್ಟವನ ಹತ್ತಿರ
ತನ್ನದೇ ಒಂದು ಫೋಟೋ ಇರಲಿಲ್ಲ.
ಪಾಸಿಗೆ ಬೇಕು ಅಂದರು ಪತ್ರಿಕೆಯವರು,
ಎರಡು ಪ್ರತಿ, ಬೆಳಿಗ್ಗೆಯೊಳಗೆ.
ಕಟ್ಟಿನಕೆರೆ ಮಾರುಕಟ್ಟೆ ಮಲಗಿದ ಮೇಲೆ
ಅಂಗಡಿಯ ಶಟರ್ ಎಳೆದು
ನೀಲಿ ಪರದೆಯ ಮುಂದಿನ ಸ್ಟೂಲಿನಲ್ಲಿ ನಾನೇ ಕೂತೆ.
ಹತ್ತು ಸೆಕೆಂಡಿನ ಟೈಮರು ಕೆಂಪಗೆ ಮಿಟುಕುವಾಗ
ಬಾಯಿ ತಾನಾಗಿ ಅಂದಿತು:
ಗದ್ದ ಸ್ವಲ್ಪ ಕೆಳಗೆ ಸಾರ್, ಉಸಿರು ಬಿಡಿ.

ಈಗ ಆ ಮುಖ ನನ್ನ ಎದೆಯ ಮೇಲೆ
ಹಸಿರು ದಾರದಲ್ಲಿ ತೂಗುತ್ತಿದೆ.
ರಕಾರದ ಒತ್ತು ಉದುರಿ
ಚಂದ್ರಾಚಾರ್ ಹೋಗಿ ಚಂದಾಚಾರ್ ಆಗಿದ್ದೇನೆ.
ಚಂದವೇ, ಇರಲಿ.
ಸಾಲಗಾಮೆ ರಸ್ತೆಯ ಗೇಟಿನಲ್ಲಿ ಪೊಲೀಸಿನವನು
ಅದನ್ನು ನೋಡಿ ಪಕ್ಕಕ್ಕೆ ಸರಿದ.
ಇಪ್ಪತ್ತಾರು ವರ್ಷ ಮದುವೆಮನೆಗಳಲ್ಲಿ
ಯಾರೂ ಪಾಸು ಕೇಳಿದವರಿಲ್ಲ,
ಕೊನೆಯ ಪಂಕ್ತಿ ಏಳುವ ತನಕ
ಊಟ ಆಯ್ತಾ ಅಂತ ಕೇಳಿದವರೂ ಇಲ್ಲ.

ಎರಡೂವರೆ. ನಾಲ್ಕಕ್ಕೆ ಫೈನಲ್, ಹುಡುಗಿಯರದು.
ತಗಡಿನ ಛಾವಣಿಯಲ್ಲಿ ನಾಲ್ಕು ಕಡೆ ಫೈಬರ್ ಶೀಟು,
ಅಲ್ಲಿಂದ ಬಿದ್ದ ಬಿಸಿಲು ಈಗ ನಡುಗೆರೆಯ ಮೇಲೆ;
ನಾಲ್ಕರ ಹೊತ್ತಿಗೆ ಫ್ರೀ ಥ್ರೋ ಗೆರೆಗೆ ತೆವಳಿರುತ್ತದೆ.
ಟ್ಯೂಬ್‌ಲೈಟು ಕಣ್ಣಿಗೆ ಕಾಣದ ಹಾಗೆ ಮಿನುಗಿ
ಒಂದು ಫ್ರೇಮು ಅರಿಶಿನ, ಮುಂದಿನದು ಬೂದಿ.
ಫ್ಲ್ಯಾಶ್ ಹೊಡೆದರೆ ಹೊರಗೆ, ಅಂದಿದ್ದಾರೆ ರೆಫರಿ.
ಮೂರು ಸಾವಿರದ ಇನ್ನೂರಕ್ಕೆ ಐಎಸ್ಒ ಏರಿಸಿದೆ.
ಕಾಳು ಕಾಳಾಗಿ ಬಂದರೂ ಬರಲಿ,
ರಾಗಿಯೂ ಕಾಳೇ.

ಲೆನ್ಸು ಸಕಲೇಶಪುರದ ಆಲ್ಫೋನ್ಸನದು,
ಹಕ್ಕಿಗಳ ಹಿಂದೆ ತಿರುಗುವವನು.
'ಇದು ಬಿದ್ರೆ ನೀನೂ ಅಲ್ಲೇ ಬಿದ್ದಿರು' ಅಂದೇ ಕೊಟ್ಟ.
ಪ್ಯಾಂಟಿನ ಮಂಡಿಗೆ ಒಳಗಿಂದ ಸ್ಪಂಜು ಹೊಲಿದಿದ್ದಾಳೆ ನಳಿನಾಕ್ಷಿ;
ಹೊಲಿಯುತ್ತಾ ಕೇಳಿದಳು, ಎಷ್ಟು ಕೊಡ್ತಾರೆ?
ಮೂರು ಫೋಟೋಗೆ ಆರುನೂರು.
ದಾರ ಕಚ್ಚಿ ಕಡಿದಳು, ಅಷ್ಟೇ.

ಫೋಕಸ್ ನೋಡಬೇಕಿತ್ತು. ಬುಟ್ಟಿಯ ಕೆಳಗೆ
ಕಾವಲಿನ ಜವರಪ್ಪನನ್ನು ನಿಲ್ಲಿಸಿದೆ.
ಎರಡು ಕೈ ತೊಡೆಗೆ ಅಂಟಿಸಿ, ಕಿವಿ ಎರಡೂ ಕಾಣುವಂತೆ
ನೀಟಾಗಿ ನಿಂತುಬಿಟ್ಟ.
ಹಾರಪ್ಪ, ಅಂದೆ.
ಯಾಕೆ?
ಸುಮ್ಮನೆ ಹಾರು.
ಹಾರಿದ, ಒಂದು ಗೇಣು.
ಸೊಂಟದ ಕೀಲಿಗೊಂಚಲು ಅವನಿಗಿಂತ ಮೇಲೆ ಹಾರಿತು.
ಎಂಟುನೂರರಲ್ಲಿ ಒಂದು ಪಾಲು ಸೆಕೆಂಡು:
ಹದಿಮೂರು ಕೀಲಿಯೂ ಸ್ಪಷ್ಟ,
ಜವರಪ್ಪ ಮಾತ್ರ ಸ್ವಲ್ಪ ಮಂಜು.
ಅಳಿಸಲಿಲ್ಲ.

ಬೇಸ್‌ಲೈನಿನ ಹಿಂದೆ, ಟೇಪು ಅಂಟಿಸಿದ ಚೌಕದಲ್ಲಿ
ಮಂಡಿಯೂರಿ ಕೂತಿದ್ದೇನೆ.
ಇಲ್ಲಿಂದಾಚೆ ನನ್ನ ಮಾತು ನಡೆಯುವುದಿಲ್ಲ.
ತಾಳಿಯನ್ನು ಇನ್ನೊಂದು ಸಲ ಎತ್ತಿ ಹಿಡಿಯಿರಿ,
ಧಾರೆಯ ನೀರನ್ನು ನಿಧಾನ ಬಿಡಿ,
ಅನ್ನುತ್ತಾ ಬದುಕಿದವನು ನಾನು. ಪುರೋಹಿತರೇ ಕಾದಿದ್ದಾರೆ.
ಚೆಂಡು ಕಾಯುತ್ತದೆಯೇ?
ಎರಡನೇ ಬ್ಯಾಟರಿ ಎಡಜೇಬಿನಲ್ಲಿ. ಮುಟ್ಟಿ ನೋಡಿದೆ.
ಮತ್ತೊಮ್ಮೆ ಮುಟ್ಟಿ ನೋಡಿದೆ.

ಬಾಗಿಲು ತೆರೆಯಿತು. ಬಂದರು.
ಹೋದ ವಾರ ಅರ್ಹತಾ ಪತ್ರಕ್ಕೆ ಅಂಟಿಸಲು
ಹನ್ನೆರಡು ಜನವೂ ನನ್ನ ಸ್ಟೂಲಿನಲ್ಲಿ ಕೂತು ಹೋದವರೇ.
ಹೆಸರಿಗಿಂತ ಹುಬ್ಬು ನೆನಪಿದೆ.
ಒಂಬತ್ತನೇ ನಂಬರಿನವಳು ದುದ್ದದ ಮೋನಿಷಾ,
ಮೂರು ಸಲ ಕಣ್ಣು ಮುಚ್ಚಿ ನಾಲ್ಕನೆಯದಕ್ಕೆ ಸಿಕ್ಕವಳು.
ಚೆಂಡು ಬಡಿಯುತ್ತಾ ಈ ತುದಿಗೆ ಬಂದು
ನನ್ನನ್ನು ಗುರುತಿಸಿ
ಥಟ್ಟನೆ ನಿಂತಳು; ಕಣ್ಣು ಅಗಲಿಸಿ, ಉಸಿರು ಹಿಡಿದು
ಗದ್ದ ಕೆಳಗೆ ಮಾಡಿದಳು.

ಬೇಡಮ್ಮ, ಈ ಕಡೆ ನೋಡಬೇಡ, ಅಂದೆ,
ಅಥವಾ ಅಂದೆ ಅಂದುಕೊಂಡೆ.
ಚೆಂಡು ಅವಳ ಕೈ ತಪ್ಪಿ ಉರುಳಿ ಬಂದು
ನಳಿನಾಕ್ಷಿಯ ಸ್ಪಂಜಿಗೆ ತಾಗಿ ನಿಂತಿತು.
ಒಂದು ಕೈಯಲ್ಲಿ ಆಲ್ಫೋನ್ಸನ ಲೆನ್ಸು.
ಇನ್ನೊಂದರಲ್ಲಿ ಎತ್ತಿಕೊಟ್ಟೆ.
ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ.