ಸುತ್ತೋಲೆಯ ಕರಡು

ಪೀಣ್ಯ ಎರಡನೇ ಹಂತ. ಮಧ್ಯಾಹ್ನ ಮೂರೂ ಕಾಲು.
ಪಕ್ಕದ ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು,
ನನ್ನ ಮೇಜಿನ ಮೇಲೆ ಆರಿದ ಕಾಫಿ, ಕೆನೆ ಕಟ್ಟಿದ್ದು.
ಸಣ್ಣ ಧಣಿ ಹೇಳಿ ಹೋಗಿದ್ದಾರೆ:
‘ಸೋಮವಾರದಿಂದ ಎಲ್ಲರೂ ಫಾರ್ಮಲ್ಸ್.
ಜರ್ಮನಿಯವರು ಬರ್ತಾರೆ. ಒಂದು ಸರ್ಕ್ಯುಲರ್ ಹಾಕಿ, ತಾರಾಮಣಿ.’
ಹೇಳುವಾಗ ಅವರ ಕಾಲಲ್ಲಿ ಹವಾಯಿ ಚಪ್ಪಲಿ.

ಟೈಪಿಸುತ್ತೇನೆ:
‘ಈ ಮೂಲಕ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ’
ಏನೆಂದರೆ?
ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ಗಾದೆ.
ಆ ಪರರು ಯಾರು ಅಂತ ಗಾದೆ ಹೇಳುವುದಿಲ್ಲ.
ಅಂಗಿಯ ದುಡ್ಡು ಯಾರದು ಅಂತಲೂ ಇಲ್ಲ.

ಏಪ್ರಿಲ್ಲಿನ ಈ ತಗಡಿನ ಸೂರಿನಡಿ
ಕೋಟು ತೊಟ್ಟವನ ಲೆಕ್ಕ ತಪ್ಪದೆ ಇದ್ದೀತೆ?
ಫಿಲೋಮಿನಾ ಹನ್ನೊಂದು ವರ್ಷದಿಂದ
ಅದೇ ಮೂರು ಚೂಡಿದಾರದಲ್ಲಿ ಕೂತು
ಒಂದು ಪೈಸೆ ಆಚೀಚೆ ಆಗಲು ಬಿಟ್ಟಿಲ್ಲ.
ಅವಳ ದುಪಟ್ಟಾದ ತುದಿಗೆ ಶಾಯಿ ಕಲೆ;
ನನ್ನ ಕಣ್ಣಿಗೆ ಅದು ಪದಕ,
ಜರ್ಮನಿಯವರಿಗೆ ಹೇಗೋ.

ಹೀಗೆ ‘ಬೇಡ’ ಅನ್ನುವ ಕಡೆಗೇ ವಾಲುತ್ತಿದ್ದೆ.
ಆಗ ಡಿಸ್ಪ್ಯಾಚಿನ ಚಲುವಯ್ಯ ಬಂದ, ಚಲನ್ನಿಗೆ ಸೀಲು ಕೇಳಿ.
ಪರದೆಯ ಮೇಲಿದ್ದದ್ದನ್ನು ಬಗ್ಗಿ ಓದಿದ.
‘ಹಾಕಿ ಮೇಡಂ,’ ಅಂದ, ‘ಹಾಕಲೇಬೇಕು.’
ಕಳೆದ ಸಲ ಟೀ ಶರ್ಟಿನಲ್ಲಿ
ಎಂ.ಜಿ. ರೋಡಿನ ಕಚೇರಿಗೆ ವಾಲ್ವಿನ ಮಾದರಿ ಒಯ್ದಾಗ
ಸರಕಿನ ಲಿಫ್ಟು ತೋರಿಸಿದರಂತೆ.
ಮರುವಾರ ಭಾವನ ಮದುವೆಯ ಬ್ಲೇಜರು ಹಾಕಿಕೊಂಡು ಹೋದ,
ತೋಳು ಎರಡು ಬೆರಳು ಗಿಡ್ಡ.
‘ಸರ್, ಕೂತ್ಕೊಳಿ. ನೀರು ಬೇಕಾ?’
‘ಅದೇ ವಾಲ್ವು, ಮೇಡಂ. ಅದೇ ನಾನು.
ನೀರು ಮಾತ್ರ ತಣ್ಣಗಿತ್ತು.’

ಚಡ್ಡಿಯಲ್ಲೂ ಧಣಿಯಾಗಿಯೇ ಉಳಿಯಬಲ್ಲವನಿಗೆ
ಬಟ್ಟೆ ಬರೀ ಬಟ್ಟೆ.
ಚಲುವಯ್ಯನಿಗೆ ಅದು ಗೇಟ್ ಪಾಸು.
ಯಾರ ಕೈಯಿಂದ ಏನು ಕಿತ್ತುಕೊಳ್ಳಲು ಹೊರಟಿದ್ದೆ ನಾನು?
ಆದರೂ, ಅಂಗಿ ನೋಡಿ ಲಿಫ್ಟು ತೋರಿಸುವವನ ಪರವಾಗಿ
ನಾನೇಕೆ ಸುತ್ತೋಲೆ ಬರೆಯಲಿ?
ಕರ್ಸರು ಮಿಣುಕುತ್ತದೆ,
ಕೆನ್ನೆಗೆ ಕೈ ಕೊಟ್ಟು ಕೂತವರನ್ನು ಕಂಡು ರೂಢಿ ಅದಕ್ಕೆ.

ಆರೂವರೆಗೆ ಕರಡು ಹಾಗೇ ಬಿಟ್ಟು ಎದ್ದೆ.
ಗೇಟಿನಲ್ಲಿ ಪಾಳಿ ಬದಲಾಗುತ್ತಿತ್ತು.
ಲಿಂಗಸುಗೂರಿನ ದೊಡ್ಡಬಸಪ್ಪ ಕೊರಳ ಹಿಂದೆ ಕೈ ಹಾಕಿ
ಕೊಕ್ಕೆ ಬಿಚ್ಚಿದ.
ಮೊದಲೇ ಗಂಟು ಹಾಕಿಟ್ಟ ನೀಲಿ ಟೈ,
ಏಜೆನ್ಸಿಯವರು ಕೊಟ್ಟಿದ್ದು ಒಂದೇ.
ರಾತ್ರಿ ಪಾಳಿಯ ಹುಡುಗ ಅದನ್ನು ತೊಡೆಗೆ ಒರೆಸಿ
ತನ್ನ ಕೊರಳಿಗೆ ಸಿಕ್ಕಿಸಿಕೊಂಡ.
ಬೆವರು ಇನ್ನೂ ಆರಿರಲಿಲ್ಲ.
ಇಡೀ ಕಂಪನಿಗೆ ಇರುವ ಟೈ ಅದೊಂದೇ,
ಹನ್ನೆರಡು ತಾಸು ಅವನಿಗೆ, ಹನ್ನೆರಡು ತಾಸು ಇವನಿಗೆ.
ಒಳಗಿನ ಕುರ್ಚಿಯಲ್ಲಿ ಇಬ್ಬರೂ ಇದುವರೆಗೆ ಕೂತಿಲ್ಲ.

ಬಸ್ಸು ತಪ್ಪಿದರೆ ತಪ್ಪಲಿ ಅಂತ ವಾಪಸು ಹೋಗಿ ಬರೆದೆ:
‘ಒಗೆದ ಬಟ್ಟೆ ಸಾಕು.
ಅದಕ್ಕಿಂತ ಹೆಚ್ಚಿನದು ಬೇಕೆಂದರೆ ಕಂಪನಿಯೇ ಹೊಲಿಸಿ ಕೊಡತಕ್ಕದ್ದು,
ತೋಳಿನ ಅಳತೆ ತೆಗೆದು, ಇಸ್ತ್ರಿ ಖರ್ಚು ಸಮೇತ.’
ಇಸ್ತ್ರಿ ಅಂತ ಬರೆಯುವಾಗ
ನಮ್ಮ ಬೀದಿಯ ಮುನಿವೆಂಕಟಮ್ಮ ಕಣ್ಣ ಮುಂದೆ:
ಊರೆಲ್ಲ ಮುದುರಿದ ಬಟ್ಟೆಯಲ್ಲಿ ಮನೆಯಿಂದಲೇ ದುಡಿದ ಆ ದಿನಗಳಲ್ಲಿ
ಇದ್ದಿಲಿಲ್ಲದ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು
ಗಾಡಿಯ ಮೇಲೆ ಕೂತಿರುತ್ತಿದ್ದಳು.
‘ಗೇಟಿಗೆ ಇನ್ನೊಂದು ಟೈ. ಇಲ್ಲವೇ ಇರುವುದೂ ಬೇಡ.’
ಸಣ್ಣ ಧಣಿ ಇದಕ್ಕೆಲ್ಲ ಕೆಂಪು ಗೀಟು ಎಳೆಯುತ್ತಾರೆ, ಗೊತ್ತು.

ಹೇಗೂ ಎಳೆಯುತ್ತಾರಲ್ಲ ಅಂತ
ಕೆಳಗೆ, ಸಣ್ಣಕ್ಷರದಲ್ಲಿ, ಇನ್ನೊಂದು ಸಾಲು:
‘ಹವಾಯಿ ಚಪ್ಪಲಿಗೆ ಅನುಮತಿ ಇಲ್ಲ.’