ಕುರೋಕಿ ಕೊಟ್ಟ ಡಬ್ಬಿ

ಇವತ್ತು ಕಾವೇರಿ ಬರುವ ದಿನ.
ನಸುಕಿನ ನಾಲ್ಕೂಕಾಲಿಗೆ ನಲ್ಲಿ ಗೊರಗೊರ ಎಂದು, ಕೆಮ್ಮಿ,
ಒಂದಿಷ್ಟು ಗಾಳಿ ಉಗುಳಿ, ಆಮೇಲೆ ನೀರು.
ಮೊದಲ ಬಿಂದಿಗೆ ಗಿಡಕ್ಕೆ, ಎರಡನೆಯದು ಬೇಳೆಗೆ,
ಮೂರನೆಯದರಲ್ಲಿ ಒಂದು ತಂಬಿಗೆ ಎತ್ತಿಟ್ಟು
ತಟ್ಟೆ ಮುಚ್ಚುತ್ತೇನೆ. ಅದು ಟೀಗೆ.

ಬೋರ್‌ವೆಲ್ ನೀರಿಗೆ ಈ ಎಲೆ ಬಾಯಿ ಬಿಡುವುದಿಲ್ಲ.
ಸೌಳು. ಬಣ್ಣ ಕೆಸರು, ಮೇಲೊಂದು ಪೊರೆ.
ಎರಡು ತಿಂಗಳು ಎಲೆಯನ್ನೇ ಬೈದೆ,
ಅಂಗಡಿಯವಳನ್ನೂ ಬೈದೆ. ತಪ್ಪು ಕೊಳವೆಯದು.

ಆರಿಸುವುದೇನೂ ಕಷ್ಟವಲ್ಲ, ಅವರೆಕಾಯಿ ಆರಿಸಬಲ್ಲವರಿಗೆ.
ಪುಷ್ಯದ ಚಳಿಯಲ್ಲಿ ಗಾಂಧಿಬಜಾರಿನ ರಾಶಿಯ ಮುಂದೆ ಕೂತು
ಒಂದು ಕಾಯಿ ಅಂಗೈಗೆ ಉಜ್ಜಿ ಮೂಸುವುದಿಲ್ಲವೇ?
ಹಾಗೇ. ಸೊಗಡು ಇರಬೇಕು.
ಹಸಿ ಹುಲ್ಲು, ಬೆಣ್ಣೆ, ದೂರದಲ್ಲೆಲ್ಲೋ ಕಡಲು.
ಎಲೆ ಸೂಜಿಯ ಹಾಗೆ ಸುತ್ತಿರಬೇಕು, ಕಡು ಹಸಿರು, ಮೇಲೆ ಮೆರುಗು.
ಹಳದಿಗೆ ತಿರುಗಿದ್ದರೆ ಹಳತು.
ಪುಡಿ ಜಾಸ್ತಿಯಿದ್ದರೆ ಬೇರೆಯವರು ಬಿಟ್ಟದ್ದು.
ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟು ಮಾರುವವನ ಹತ್ತಿರ
ಬೆಲೆಯನ್ನೂ ಕೇಳಬೇಡಿ.
‘ಹೊಟ್ಟೆ ಕರಗುತ್ತೆ ಮೇಡಂ’ ಎನ್ನುವವನ ಹತ್ತಿರ ಮೊದಲೇ ಬೇಡ.

ಹಲಸೂರಿನ ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿಯ ಎಸ್ತರ್
ಪೊಟ್ಟಣ ತಿರುವಿ ತಿಂಗಳು ತೋರಿಸುತ್ತಾಳೆ:
ಮೇ, ಮೊದಲ ಕೊಯ್ಲು.
ನೂರು ಗ್ರಾಂ ಕೇಳಿದರೆ ಐವತ್ತೇ ಕೊಡುತ್ತಾಳೆ,
‘ಮುಗಿಸಿ ಬನ್ನಿ ಆಂಟಿ, ತೆರೆದ ಮೇಲೆ ಇದು ಕಾಯಲ್ಲ.’
ಆ ಐವತ್ತು ಗ್ರಾಮಿನ ದುಡ್ಡಿನಲ್ಲಿ
ತಿಂಗಳ ಕಾಫಿಪುಡಿ ಬರುತ್ತದೆ. ಮನೆಯವರಿಗೆ ಹೇಳಿಲ್ಲ.

ನೀರು ಕುದಿಯುತ್ತದೆ. ಕುದ್ದದ್ದು ಹಾಗೇ ಬೇಡ.
ಕೆಟಲಿನಿಂದ ಪಿಂಗಾಣಿ ಬಟ್ಟಲಿಗೆ, ಬಟ್ಟಲಿನಿಂದ ಇನ್ನೊಂದಕ್ಕೆ,
ಹುಯ್ದಾಗಲೆಲ್ಲ ಹತ್ತು ಡಿಗ್ರಿ ಇಳಿಯುತ್ತದಂತೆ.
ಥರ್ಮಾಮೀಟರು ಇಲ್ಲ ನನ್ನಲ್ಲಿ; ಬಟ್ಟಲು ಹಿಡಿದು
ಬೆರಳು ‘ಹಾ’ ಅನ್ನದೆ ಎಂಟು ಎಣಿಸುವಷ್ಟು ತಾಳಿದರೆ ಸರಿ.
ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯ ಮೂರನೇ ಸಾಲಿನಲ್ಲಿ
ಇಪ್ಪತ್ತಾರು ವರ್ಷ ಕೂದಲಿನಂಥ ಸ್ಪ್ರಿಂಗು ಕೂರಿಸಿದ ಬೆರಳು.
ಅದಕ್ಕೆ ಇನ್ನೂ ಸ್ವಲ್ಪ ಬುದ್ಧಿಯಿದೆ.

ಅರವತ್ತು ಸೆಕೆಂಡು.
ಮಣಿಕಟ್ಟಿನಲ್ಲಿ ಕೀಲಿ ಕೊಡುವ ಹಳೇ ವಾಚು,
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ,
ಒಂದು ನಿಮಿಷಕ್ಕೆ ಏನೂ ಆಗದು.
ಅಲ್ಲಾಡಿಸಬಾರದು. ಚಮಚ ಬೇಡ. ಎಲೆ ತಾನೇ ಬಿಚ್ಚಿಕೊಳ್ಳಲಿ.

ಈ ಅರವತ್ತು ಸೆಕೆಂಡಿನಲ್ಲೇ ಅವರು ಬರುವುದು.
ಕುರೋಕಿ. ಎಂಬತ್ತೊಂದರಲ್ಲಿ ಯಂತ್ರ ಕಲಿಸಲು ಬಂದವರು.
ಕನ್ನಡದಲ್ಲಿ ಕಲಿತದ್ದು ಒಂದೇ ಮಾತು, ‘ಸಾಕು’,
ಅದೂ ಕ್ಯಾಂಟೀನಿನಲ್ಲಿ ಸಾರು ಬಡಿಸುವ ಪುಟ್ಟೀರಪ್ಪನ ಕಾಟಕ್ಕೆ.
ಹೊರಡುವ ದಿನ ನಮ್ಮ ಸಾಲಿಗೊಂದು ತವರದ ಡಬ್ಬಿ,
ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿ.
ನಾವೇನು ಮಾಡಿದೆವು?
ಸೆಲಿನಾ ಇಡೀ ಡಬ್ಬಿಯನ್ನು ಕ್ಯಾಂಟೀನಿನ ಪಾತ್ರೆಗೆ ಸುರಿದಳು.
ಕೊತಕೊತ ಕುದಿಸಿದೆವು. ಹಾಲು ಹಾಕಿದೆವು, ಬೆಲ್ಲ ಹಾಕಿದೆವು,
ನಾನೇ, ಏಲಕ್ಕಿ ಜಜ್ಜಿದವಳು ನಾನೇ.
ಹನ್ನೊಂದು ಜನ ಮುಖ ಹಿಂಡಿಕೊಂಡು ಕುಡಿದು
‘ವೆರಿ ಗುಡ್ ಸಾರ್’ ಅಂದೆವು.
ಅವರೂ ಒಂದು ಲೋಟ ಕುಡಿದರು. ಪೂರ್ತಿ.
ಮತ್ತೆ ಹುಯ್ಯಲು ಹೋದಾಗ ಲೋಟದ ಮೇಲೆ ಅಂಗೈ ಇಟ್ಟರು:
ಸಾಕು.

ಐವತ್ತೆಂಟು, ಐವತ್ತೊಂಬತ್ತು.
ಕೊನೆಯ ಹನಿಯವರೆಗೆ ಬಸಿಯಬೇಕು; ರುಚಿ ಅಲ್ಲೇ ಇರುವುದು.
ತಿಳಿ ಹಸಿರು. ನಾಲಗೆಗೆ ಮೊದಲು ಹುರುಳಿಕಟ್ಟಿನಂಥ ದಪ್ಪ,
ಆಮೇಲೆ ತುಸು ಒಗರು, ಆಮೇಲೆ,
ನುಂಗಿ ಎಷ್ಟೋ ಹೊತ್ತಿಗೆ, ಕರೆಯದೇ ಬರುವ ಸಿಹಿ.
ಬೆಲ್ಲ ಯಾಕೆ ಹಾಕಿದೆವೋ.

ಎರಡನೆಯ ನೀರಿಗೆ ಬಿಸಿ ಹೆಚ್ಚು, ಹೊತ್ತು ಕಡಿಮೆ.
ಮೂರನೆಯದನ್ನು ಮನೆಯವರಿಗೆ ಕೊಟ್ಟೆ.
‘ಬಿಸಿನೀರಿಗೆ ಪಾಲಕ್ ತೋರಿಸಿದೀಯ’ ಎಂದರು,
ಎಂದವರು ಲೋಟ ಮಾತ್ರ ಖಾಲಿ ಮಾಡಿದರು.

ಉಳಿದ ಎಲೆ ಎಸೆಯುವುದಿಲ್ಲ.
ಹಿಂಡಿ, ಸಾಸಿವೆ ಒಗ್ಗರಣೆ, ಒಂದು ಹಿಡಿ ಕಾಯಿತುರಿ,
ಚಿಟಿಕೆ ಉಪ್ಪು: ಅನ್ನಕ್ಕೆ ನೆಂಚಿಕೊಳ್ಳಲು.
ಇದನ್ನು ಯಾರೂ ಕಲಿಸಿದ್ದಲ್ಲ.
ಕುರೋಕಿ ಇದ್ದಿದ್ದರೆ ಎರಡನೇ ಸಲ ಬಡಿಸಿ ನೋಡುತ್ತಿದ್ದೆ,
ಕೈ ಅಡ್ಡ ಬರುತ್ತದೋ ಇಲ್ಲವೋ.